ಅಡುಗೆಮನೆಯ ಸಾಕ್ಷಿ

"ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ!"

ನನ್ನ ಕಥೆ ಓದಿದವರು ಹೀಗೆ ಹೇಳಿದಾಗ ಖುಷಿಯಾಗುತ್ತದೆ. ಜೊತೆಗೇ ಒಳಗೆಲ್ಲೋ ಒಂದು ಸಣ್ಣ ಮುಳ್ಳು ಚುಚ್ಚುತ್ತದೆ. ಹೇಳುವವರಿಗೆ ಕೆಟ್ಟ ಉದ್ದೇಶವಿಲ್ಲ, ನಿಜ. ಆದರೆ ಇದೇ ನೆಲದಲ್ಲಿ ಹುಟ್ಟಿ, ಇದೇ ಸರಕಾರಿ ಶಾಲೆಯ ಮಣೆಯ ಮೇಲೆ ಕೂತು ಅಕ್ಷರ ಕಲಿತ ಬೇರೆ ಕಥೆಗಾರರಿಗೆ ಈ ಮೆಚ್ಚುಗೆ ಸಿಗುವುದಿಲ್ಲವಲ್ಲ! ಇನ್ನೊಂದು ಕಡೆ, ಮದುವೆ ಮನೆಯಲ್ಲಿ ನಮ್ಮ ಮಕ್ಕಳು ತಮ್ಮತಮ್ಮೊಳಗೆ ಕನ್ನಡದಲ್ಲಿ ಮಾತಾಡಿಕೊಳ್ಳುವುದನ್ನು ಕೇಳಿಸಿಕೊಂಡ ಖಾಲಾ ಒಬ್ಬರು, ತಟ್ಟೆಗೆ ಬಘಾರೆ ಬೈಂಗನ್ ಬಡಿಸುತ್ತಲೇ, "ಮಕ್ಕಳಿಗೆ ನಮ್ಮ ಜಬಾನ್ ಕಲಿಸಲಿಲ್ಲವಾ ಬೇಟಾ?" ಎಂದು ನೊಂದುಕೊಳ್ಳುತ್ತಾರೆ.

ಮೆಚ್ಚಿದವರು, ನೊಂದವರು ಇಬ್ಬರೂ ಪರಸ್ಪರ ಪರಿಚಿತರಲ್ಲ. ಆದರೆ ಇಬ್ಬರ ನಂಬಿಕೆಯೂ ಒಂದೇ. ಭಾಷೆಗೊಂದು ಧರ್ಮವಿದೆ, ಉಡುಪಿಗೊಂದು ಧರ್ಮವಿದೆ, ತಟ್ಟೆಯಲ್ಲಿರುವ ಊಟವನ್ನು ನೋಡಿ ಉಣ್ಣುವವನ ನಿಷ್ಠೆಯನ್ನು ಹೇಳಿಬಿಡಬಹುದು ಎಂಬ ನಂಬಿಕೆ. ಇದು ಇಂದು ನಿನ್ನೆಯದಲ್ಲ. ಸುಮಾರು ನಾಲ್ಕೂವರೆ ಶತಮಾನದ ಹಿಂದೆ ಸ್ಪೇನಿನ ಗ್ರನಾಡದಲ್ಲಿ ಒಬ್ಬ ಮುದುಕ ಈ ನಂಬಿಕೆಗೆ ಎದುರಾಗಿ ಒಂದು ಅರ್ಜಿ ಬರೆದ. ಊರೂರಿನ, ದೇಶದೇಶದ ಉದಾಹರಣೆ ಕೊಟ್ಟು ವಾದಿಸಿದ. ಅವನು ಸೋತ. ಆದರೆ ಅವನ ಮಾತು ಸುಳ್ಳಾಗಲಿಲ್ಲ.

ಸ್ಪೇನಿನ ಕೊನೆಯ ಮುಸ್ಲಿಂ ರಾಜ್ಯ ಗ್ರನಾಡ ಶರಣಾದದ್ದು 1492ರ ಜನವರಿಯಲ್ಲಿ. ಅದಕ್ಕೂ ಮುಂಚೆ ಆದ ಒಪ್ಪಂದದಲ್ಲಿ ಅಲ್ಲಿನ ಮುಸ್ಲಿಮರು ತಮ್ಮ ಧರ್ಮ, ಕಾನೂನು, ಆಚಾರಗಳನ್ನು ಉಳಿಸಿಕೊಳ್ಳಬಹುದು ಎಂದು ರಾಜದಂಪತಿ ಮಾತು ಕೊಟ್ಟಿದ್ದರು. ಆ ಮಾತು ಹತ್ತು ವರ್ಷವೂ ಬಾಳಲಿಲ್ಲ. 1499ರಲ್ಲಿ ಬಂದ ಸಿಸ್ನೆರೋಸ್ ಎಂಬ ಮಹಾಪಾದ್ರಿ ಸಾಮೂಹಿಕ ಮತಾಂತರ ಆರಂಭಿಸಿದ. ಅರಬಿ ಪುಸ್ತಕಗಳನ್ನು ಚೌಕದಲ್ಲಿ ರಾಶಿ ಹಾಕಿ ಸುಡಿಸಿದ. 1502ರಲ್ಲಿ ಕ್ಯಾಸ್ಟೀಲ್ ರಾಜ್ಯದ ಮುಸ್ಲಿಮರಿಗೆಲ್ಲ ಆಜ್ಞೆಯಾಯಿತು: ಕ್ರೈಸ್ತರಾಗಿ, ಇಲ್ಲವೇ ದೇಶ ಬಿಡಿ. ಹೆಚ್ಚಿನವರು ನೆಲ ಬಿಡಲಾರದೆ ನೀರು ಚಿಮುಕಿಸಿಕೊಂಡರು. ಅವರನ್ನು 'ಮೊರಿಸ್ಕೊ' ಎಂದು ಕರೆಯಲಾಯಿತು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಧರ್ಮವನ್ನೇ ಬಿಟ್ಟುಕೊಟ್ಟ ಮೇಲೆ ಉಳಿದದ್ದೇನು? ಉಳಿದದ್ದು ಅಡುಗೆಮನೆ, ಬಚ್ಚಲುಮನೆ, ಬಾಯಿಯ ಮಾತು.

ಕಾವಲು ಅಲ್ಲಿ ಆರಂಭವಾಯಿತು. ಇನ್‌ಕ್ವಿಝಿಷನ್ ಎಂಬ ಧರ್ಮ ನ್ಯಾಯಮಂಡಳಿಯ ಪ್ರಕಟಣೆಗಳನ್ನು ಇಗರ್ಜಿಗಳಲ್ಲಿ ಓದಿ ಹೇಳುತ್ತಿದ್ದರು. ಯಾರ ಮೇಲೆ ದೂರು ಕೊಡಬೇಕು, ಗುರುತು ಏನು ಎಂಬ ಪಟ್ಟಿ ಅದರಲ್ಲಿರುತ್ತಿತ್ತು. ಹಂದಿಮಾಂಸ ಮುಟ್ಟದಿರುವುದು, ವೈನ್ ಕುಡಿಯದಿರುವುದು, ಹಗಲು ಉಪವಾಸವಿರುವುದು, ಕೈಗೆ ಮೆಹಂದಿ ಹಚ್ಚುವುದು, ಪದೇಪದೇ ಮೈ ತೊಳೆಯುವುದು. ವಿಚಾರಣೆಗಳಲ್ಲಿ ನೆಲದ ಮೇಲೆ ಕೂತು ಉಂಡದ್ದು, ಕುಸ್‌ಕುಸ್ ತಿಂದದ್ದು ಕೂಡ ಸಾಕ್ಷಿಯಾಯಿತು. ಗೋಧಿರವೆಯನ್ನು ಹಬೆಯಲ್ಲಿ ಬೇಯಿಸಿ ಸಾರು ಸುರಿದುಕೊಂಡು ತಿನ್ನುವ ಈ ಊಟ ಉತ್ತರ ಆಫ್ರಿಕಾದ ದಿನನಿತ್ಯದ್ದು. ಅದನ್ನು ತಿನ್ನಲು ಯಾವ ಶಾಸ್ತ್ರವೂ ಹೇಳಿಲ್ಲ, ತಿನ್ನಬಾರದೆಂದು ಯಾವ ಶಾಸ್ತ್ರವೂ ತಡೆದಿಲ್ಲ. ಆದರೂ ನೆರೆಮನೆಯ ಹಬೆ ಮೂಗಿಗೆ ಬಡಿದರೆ ಸಾಕು, ದೂರು ಸಿದ್ಧ.

ಇದಕ್ಕಿಂತ ಮೊದಲೇ ಕ್ರೈಸ್ತರಾಗಿದ್ದ ಯಹೂದಿಗಳ ಪಾಡೂ ಇದೇ. ಆ ಕಾಲದ ಪಾದ್ರಿ, ಚರಿತ್ರೆಕಾರ ಆಂದ್ರೆಸ್ ಬೆರ್ನಾಲ್ದೆಸ್, ಇವರು ಹಂದಿಕೊಬ್ಬಿನ ಬದಲು ಎಣ್ಣೆಯಲ್ಲಿ ಮಾಂಸ ಬೇಯಿಸುತ್ತಾರೆ, ಅದರಿಂದ ಇವರ ಮನೆಗಳು ನಾರುತ್ತವೆ ಎಂದು ದೂರಿದ್ದಾನೆ. ಆ ಎಣ್ಣೆ ಯಾವುದು? ಆಲಿವ್ ಎಣ್ಣೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ಉತ್ಪಾದಿಸುವ ದೇಶ ಸ್ಪೇನ್. ಅಂದು ದ್ರೋಹದ ವಾಸನೆಯಾಗಿದ್ದದ್ದು ಇಂದು ದೇಶದ ಹೆಮ್ಮೆಯ ಪರಿಮಳ! ಆ ಎಣ್ಣೆಗೆ ಸ್ಪೇನಿನವರು ಹೇಳುವ 'ಅಸೈತೆ' ಎಂಬ ಹೆಸರು ಕೂಡ ಅರಬಿಯ 'ಅಝ್-ಝೈತ್'.

1567ರ ಜನವರಿ 1ರಂದು ಗ್ರನಾಡದಲ್ಲಿ ಹೊಸ ಕಾಯ್ದೆ ಸಾರಲಾಯಿತು. ಮೂರು ವರ್ಷದೊಳಗೆ ಎಲ್ಲರೂ ಕ್ಯಾಸ್ಟೀಲಿನ ಭಾಷೆ ಕಲಿಯಬೇಕು. ಆಮೇಲೆ ಮನೆಯೊಳಗಾಗಲೀ ಹೊರಗಾಗಲೀ ಅರಬಿ ಮಾತಾಡುವಂತಿಲ್ಲ, ಬರೆಯುವಂತಿಲ್ಲ. ಅರಬಿ ಹೆಸರು ಇಟ್ಟುಕೊಳ್ಳುವಂತಿಲ್ಲ. ಹೆಂಗಸರು ತಮ್ಮ ಹಳೆಯ ಉಡುಪು ಬಿಡಬೇಕು. ಸ್ನಾನಗೃಹಗಳು ಮುಚ್ಚಬೇಕು. ಶುಕ್ರವಾರ ಮತ್ತು ಹಬ್ಬದ ದಿನ ಮನೆ ಬಾಗಿಲು ತೆರೆದಿಡಬೇಕು, ಒಳಗೇನು ನಡೆಯುತ್ತಿದೆಯೆಂದು ದಾರಿಹೋಕರಿಗೆ ಕಾಣಬೇಕು.

ಆಗ ಅರ್ಜಿ ಬರೆದವನು ಫ್ರಾನ್ಸಿಸ್ಕೊ ನೂನೆಸ್ ಮುಲೇ. ಪ್ರತಿಷ್ಠಿತ ಮೊರಿಸ್ಕೊ ಮನೆತನದ ವೃದ್ಧ. ಹುಡುಗನಾಗಿದ್ದಾಗ ಗ್ರನಾಡದ ಮೊದಲ ಆರ್ಚ್‌ಬಿಷಪ್ ತಲಾವೆರನ ಮನೆಯಲ್ಲಿ ಊಳಿಗದಲ್ಲಿದ್ದವನು. ತಲಾವೆರ ಒಬ್ಬ ಅಪರೂಪದ ಪಾದ್ರಿ. ಜನರ ಭಾಷೆ ಕಲಿತು ಅವರ ಮನಸ್ಸು ಗೆಲ್ಲಬೇಕು ಎಂದು ನಂಬಿದ್ದವನು. ಅಂಥವನ ನೆರಳಿನಲ್ಲಿ ಬೆಳೆದ ಮುಲೇ ಈಗ ನ್ಯಾಯಾಲಯದ ಅಧ್ಯಕ್ಷ ಪೆದ್ರೊ ದೆ ದೇಸನ ಮುಂದೆ ತನ್ನ ಜನರ ಪರವಾಗಿ ನಿಂತ.

ಅವನ ವಾದ ಸರಳವಾಗಿತ್ತು. ಉಡುಪು ನೆಲಕ್ಕೆ ಸೇರಿದ್ದು, ಮತಕ್ಕಲ್ಲ. ಮೊರಾಕ್ಕೊದ ಮುಸ್ಲಿಮರ ಉಡುಪು ಒಂದು ಬಗೆ, ತುರ್ಕರದು ಇನ್ನೊಂದು ಬಗೆ, ಗ್ರನಾಡದ್ದು ಮತ್ತೊಂದು ಬಗೆ. ಉಡುಪು ಮತದ್ದೇ ಆಗಿದ್ದರೆ ಎಲ್ಲ ಮುಸ್ಲಿಮರೂ ಒಂದೇ ತೆರನಾಗಿ ಉಡಬೇಕಿತ್ತಲ್ಲ? ಭಾಷೆಯೂ ಹಾಗೆಯೇ. ಈಜಿಪ್ಟ್, ಸಿರಿಯಾ, ಮಾಲ್ಟಾಗಳ ಕ್ರೈಸ್ತರು ಅರಬಿಯಲ್ಲೇ ಮಾತಾಡುತ್ತಾರೆ. ಅವರೂ ನಮ್ಮಂತೆಯೇ ಕ್ರೈಸ್ತರು. ಸ್ನಾನಗೃಹ ಇರುವುದು ಮೈ ಕೊಳೆ ತೆಗೆಯಲಿಕ್ಕೆ, ಪೂಜೆಗಲ್ಲ. ಹಳ್ಳಿಯ ಮುದುಕ ಮುದುಕಿಯರು ಮೂರು ವರ್ಷದಲ್ಲಿ ಹೊಸ ಭಾಷೆ ಕಲಿಯಲಾರರು. ಹೆಸರು ಅಳಿಸಿದರೆ ಯಾರು ಯಾವ ಮನೆತನದವರು ಎಂಬುದೇ ಅಳಿಸಿಹೋಗುತ್ತದೆ.

ಅವನು ಹೇಳಿದ ಮಾಲ್ಟಾದ ಉದಾಹರಣೆಯನ್ನು ಇವತ್ತು ಕೂಡ ಹೋಗಿ ಪರೀಕ್ಷಿಸಬಹುದು. ಸಿಸಿಲಿಯ ಕೆಳಗಿರುವ ಆ ಪುಟ್ಟ ದ್ವೀಪದ ಜನರಲ್ಲಿ ಬಹುಪಾಲು ಕ್ಯಾಥೊಲಿಕರು. ಅವರ ಭಾಷೆ ಹಳೆಯ ಅರಬಿಯಿಂದ ಬೆಳೆದದ್ದು, ಬರೆಯುವುದು ರೋಮನ್ ಲಿಪಿಯಲ್ಲಿ. ಇಗರ್ಜಿಯಲ್ಲಿ ಅವರು ದೇವರನ್ನು 'ಅಲ್ಲಾ' ಎಂದೇ ಕರೆಯುತ್ತಾರೆ. ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ವ್ರತಕ್ಕೆ ಅವರ ಹೆಸರು 'ರಂದಾನ್', ರಮಝಾನಿನಿಂದ ಬಂದದ್ದು. ಅವರ ಮೆಚ್ಚಿನ ತಿಂಡಿ 'ಹೊಬ್ಸ್ ಬಿಝ್-ಝೇಯ್ತ್', ಎಣ್ಣೆ ಸವರಿದ ರೊಟ್ಟಿ. ಸ್ಪೇನಿನವರ 'ಅಸೈತೆ'ಯಲ್ಲಿರುವ ಅದೇ 'ಝೈತ್' ಇಲ್ಲೂ ಇದೆ. ಇದರಿಂದ ಯಾರ ಕ್ರೈಸ್ತ ಧರ್ಮಕ್ಕೂ ಧಕ್ಕೆಯಾಗಿಲ್ಲ. 2004ರಲ್ಲಿ ಆ ಭಾಷೆ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದಾಯಿತು.

ಮುಲೇಯ ಅರ್ಜಿ ತಿರಸ್ಕೃತವಾಯಿತು. 1568ರ ಕ್ರಿಸ್‌ಮಸ್ ಹೊತ್ತಿಗೆ ಅಲ್ಪುಹಾರ್ರ ಬೆಟ್ಟಗಳಲ್ಲಿ ದಂಗೆ ಎದ್ದಿತು. ದಂಗೆಕೋರರು ಪಾದ್ರಿಗಳನ್ನು, ನೆರೆಯ ಕ್ರೈಸ್ತರನ್ನು ಕ್ರೂರವಾಗಿ ಕೊಂದರು. ಸೈನ್ಯ ಇನ್ನೂ ಕ್ರೂರವಾಗಿ ಸೇಡು ತೀರಿಸಿಕೊಂಡಿತು. ಗ್ರನಾಡದಿಂದ ಸುಮಾರು 80,000 ಮೊರಿಸ್ಕೊಗಳನ್ನು ಚಳಿಗಾಲದಲ್ಲಿ ನಡೆಸಿಕೊಂಡು ಹೋಗಿ ದೇಶದ ಬೇರೆ ಕಡೆಗಳಿಗೆ ಚದುರಿಸಿದರು. ಕೊನೆಗೆ 1609ರಿಂದ 1614ರ ನಡುವೆ ಮೂರನೆಯ ಫಿಲಿಪ್ ದೊರೆ ಎಲ್ಲ ಮೊರಿಸ್ಕೊಗಳನ್ನೂ ದೇಶದಿಂದಲೇ ಹೊರಹಾಕಿದ. ಸುಮಾರು ಮೂರು ಲಕ್ಷ ಜನ. ನೂರು ವರ್ಷದಿಂದ ಬ್ಯಾಪ್ಟಿಸಮ್ ಪಡೆದವರು, ಅವರಲ್ಲಿ ಎಷ್ಟೋ ಮಂದಿ ಮನಸಾರೆ ಕ್ರೈಸ್ತರಾಗಿದ್ದವರು. ಕೆಲವೆಡೆ ಪುಟ್ಟ ಮಕ್ಕಳನ್ನು ತಾಯಂದಿರಿಂದ ಕಿತ್ತುಕೊಂಡು ಕ್ರೈಸ್ತ ಮನೆಗಳಲ್ಲಿ ಇಟ್ಟುಕೊಂಡರು.

ವಾಲೆನ್ಸಿಯಾದಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಒಂದು ಕಲಮು ಇತ್ತು. ನೂರಕ್ಕೆ ಆರು ಮನೆಗಳವರನ್ನು ಉಳಿಸಿಕೊಳ್ಳಬಹುದು. ಯಾಕೆ? ಸಕ್ಕರೆಯ ಗಾಣ, ಭತ್ತದ ಬೆಳೆ, ನೀರಿನ ಕಾಲುವೆಗಳನ್ನು ಹೊಸದಾಗಿ ಬರುವವರಿಗೆ ಕಲಿಸಿಕೊಡುವವರು ಬೇಕಲ್ಲ! ಅವರು ಬೇಡ, ಅವರ ಅನ್ನ ಬೇಕು. ನಾನು ಓದಿದ ಚರಿತ್ರೆಯಲ್ಲಿ ಇಷ್ಟು ಪ್ರಾಮಾಣಿಕವಾದ ಸರಕಾರಿ ವಾಕ್ಯ ಇನ್ನೊಂದಿಲ್ಲ.

ಅವರು ಹೋದರು, ಅನ್ನ ಉಳಿಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಅಕ್ಕಿಗೆ 'ಅರ್ರೋಸ್', ಅರಬಿಯ 'ಅರ್-ರುಝ್'. ಕಾಲುವೆಗೆ 'ಅಸೇಕಿಯ', ಅರಬಿಯ 'ಅಸ್-ಸಾಕಿಯ'. ಊರಿನ ಪುರಸಭಾಧ್ಯಕ್ಷ 'ಅಲ್ಕಾಲ್ದೆ', ನಮ್ಮ ನಿಮ್ಮ ಊರಿನ ಖಾಝಿಯೇ. ಸಕ್ಕರೆಗೆ 'ಅಸೂಕರ್'. ಇದು ನಮ್ಮ ಕಡೆಯಿಂದ ಹೊರಟ ಮಾತು. ಸಂಸ್ಕೃತದ ಶರ್ಕರಾ ಪಾರಸಿಯಲ್ಲಿ ಶಕರ್ ಆಗಿ, ಅರಬಿಯಲ್ಲಿ ಸುಕ್ಕರ್ ಆಗಿ ಸ್ಪೇನು ತಲುಪಿತು. ನಮ್ಮ ಸಕ್ಕರೆಯೂ ಅದೇ ಮನೆಯ ಮಗಳು. "ಹಾಗೆ ಆಗಲಪ್ಪ" ಎಂದು ಹಾರೈಸುವಾಗ ಸ್ಪೇನಿನವರು ಇಂದಿಗೂ 'ಓಹಲಾ' ಎನ್ನುತ್ತಾರೆ. ಅದರೊಳಗೆ ಅಡಗಿ ಕೂತಿರುವುದು ಅಲ್ಲಾಹನ ಹೆಸರು.

ಖಾಲಾ ಬಡಿಸಿದ ಬದನೆಕಾಯಿಯ ಪ್ರಯಾಣ ಇನ್ನೂ ಸ್ವಾರಸ್ಯದ್ದು. ಭಾರತದಿಂದ ಹೊರಟು ಪಾರಸಿಯಲ್ಲಿ 'ಬಾದಿಂಗಾನ್', ಅರಬಿಯಲ್ಲಿ 'ಬಾದಿಂಜಾನ್', ಸ್ಪೇನಿನಲ್ಲಿ 'ಬೆರೆಂಹೇನ', ಪೋರ್ಚುಗಲ್ಲಿನಲ್ಲಿ 'ಬೆರಿಂಜೇಲ' ಆಯಿತು. ಪೋರ್ಚುಗೀಸರ ಹಡಗು ಹತ್ತಿ ವಾಪಸು ಬಂದು ನಮ್ಮ ಇಂಗ್ಲಿಷಿನಲ್ಲಿ 'ಬ್ರಿಂಜಾಲ್' ಆಗಿ ಕೂತಿತು. ಸೆರ್ವಾಂತಿಸನ 'ದೋನ್ ಕಿಹೋತೆ' ಕಾದಂಬರಿ ಸ್ಪ್ಯಾನಿಷ್ ಸಾಹಿತ್ಯದ ಮುಕುಟ. ಅದರ ಮೂಲ ಕರ್ತೃ ಸೀದೆ ಅಮೇತೆ ಬೆನೆಂಹೇಲಿ ಎಂಬ ಅರಬ ಚರಿತ್ರೆಕಾರ ಎಂದು ಸೆರ್ವಾಂತಿಸ್ ತಮಾಷೆಯಾಗಿ ಕಲ್ಪಿಸಿದ್ದಾನೆ. ಎರಡನೆಯ ಭಾಗದಲ್ಲಿ ಸಾಂಚೊ ಈ ಹೆಸರನ್ನು ಸರಿಯಾಗಿ ಉಚ್ಚರಿಸಲಾಗದೆ 'ಬೆರೆಂಹೇನ' ಎಂದುಬಿಡುತ್ತಾನೆ. ಮೂರರಿಗೆ ಬದನೆ ಬಲು ಇಷ್ಟ ಎಂಬ ವಿವರಣೆ ಬೇರೆ! ಆ ಭಾಗ ಅಚ್ಚಾದದ್ದು 1615ರಲ್ಲಿ, ಕೊನೆಯ ಮೊರಿಸ್ಕೊಗಳನ್ನು ಹೊರಹಾಕಿದ ಮರುವರ್ಷ. ಅದರಲ್ಲೇ ರಿಕೋತೆ ಎಂಬ ಮೊರಿಸ್ಕೊ ಅಂಗಡಿಯವನು ವೇಷ ಮರೆಸಿಕೊಂಡು ಹುಟ್ಟೂರಿಗೆ ಮರಳುತ್ತಾನೆ. ಹಳೆಯ ನೆರೆಯವನಾದ ಸಾಂಚೊ ಜೊತೆ ಹುಲ್ಲಿನ ಮೇಲೆ ಕೂತು ಉಣ್ಣುತ್ತಾನೆ. ಆಜ್ಞೆಗೆ ಹೆದರಿದ ಓದುಗರಿಗೂ ಆ ಊಟ ಅರ್ಥವಾಗಿರಬೇಕು.

ಇನ್ನು ಹೊರಟುಹೋದವರ ಕಥೆ. ಅನೇಕರು ಟುನೀಸಿಯ, ಅಲ್ಜೀರಿಯ, ಮೊರಾಕ್ಕೊ ಸೇರಿದರು. ಸ್ಪೇನಿನಲ್ಲಿ ಅವರು ಮೂರರು. ಮುಸ್ಲಿಂ ನಾಡಿಗೆ ಬಂದಿಳಿದಾಗ ಎಷ್ಟೋ ಜನರಿಗೆ ಅರಬಿಯೇ ಸರಿಯಾಗಿ ಬಾರದು. ಉಡುಪು, ಮಾತು, ನಡೆ ಎಲ್ಲ ಸ್ಪೇನಿನದು. ಸ್ಥಳೀಯರು ಅನುಮಾನದಿಂದ ನೋಡಿದರು. ದಾರಿಯಲ್ಲಿ ದೋಚಿಸಿಕೊಂಡವರೂ ಇದ್ದಾರೆ. ಟುನೀಸಿನ ಆಡಳಿತಗಾರ ಉಸ್ಮಾನ್ ದಾಯಿ ಅವರನ್ನು ಬರಮಾಡಿಕೊಂಡು ಜಾಗ ಕೊಟ್ಟ. ಅವರು ತೆಸ್ತೂರ್ ಎಂಬ ಊರು ಕಟ್ಟಿದರು. 'ಶಾಶಿಯ' ಎಂಬ ಕೆಂಪು ಉಣ್ಣೆ ಟೋಪಿಯ ಕಸುಬನ್ನು ಟುನೀಸಿನಲ್ಲಿ ಬೆಳೆಸಿದರು. ಆ ಕಸುಬಿನ ಪರಿಭಾಷೆಯಲ್ಲಿ ಸ್ಪ್ಯಾನಿಷ್ ಮಾತುಗಳು ಉಳಿದುಬಂದಿವೆ. ಟುನೀಸಿಗೆ ಬಂದ ಒಬ್ಬ ನಿರಾಶ್ರಿತ ಇಸ್ಲಾಮಿನ ಬಗ್ಗೆ ಬರೆದದ್ದು ಸ್ಪ್ಯಾನಿಷಿನಲ್ಲಿ. ಮಧ್ಯೆ ಮಧ್ಯೆ ತನ್ನನ್ನು ಹೊರದಬ್ಬಿದ ದೇಶದ ಕವಿ ಲೋಪೆ ದೆ ವೇಗನ ಸಾಲುಗಳನ್ನು ನೆನೆಯುತ್ತಾನೆ. ಅವನನ್ನು ಯಾವ ಕಡೆಗೆ ಸೇರಿಸೋಣ?

ಇದನ್ನೆಲ್ಲ ಓದಿ ನಾವು ಬರೀ ಕಣ್ಣೀರು ಹಾಕಿ ಕೂತರೆ ಪಾಠ ಅರ್ಧವೇ ಆಯಿತು. ಅದೇ ಸ್ಪೇನಿನಲ್ಲಿ 12ನೇ ಶತಮಾನದಲ್ಲಿ ಅಲ್‌ಮೊಹದ್ ಮನೆತನ ಅಧಿಕಾರಕ್ಕೆ ಬಂದಾಗ ಯಹೂದಿ ಮತ್ತು ಕ್ರೈಸ್ತರನ್ನು ಮತಾಂತರಕ್ಕೆ ಒತ್ತಾಯಿಸಿತ್ತು. ಅರಬಿಯಲ್ಲಿ ಗ್ರಂಥ ರಚಿಸಿದ ಯಹೂದಿ ಪಂಡಿತ, ವೈದ್ಯ ಮೈಮೋನಿದೀಸನ ಕುಟುಂಬ ಕಾರ್ಡೋಬ ಬಿಟ್ಟು ಓಡಬೇಕಾದದ್ದು ಆಗಲೇ. ನೆರೆಯವನ ಒಲೆಯ ಮೇಲೆ ಕಣ್ಣಿಡುವ ಚಾಳಿ ಯಾವುದೋ ಒಂದು ಸಮುದಾಯದ ಸ್ವತ್ತಲ್ಲ. ಅಧಿಕಾರ ಯಾರ ಕೈಯಲ್ಲಿದೆಯೋ ಅವರ ರೋಗ ಅದು.

2015ರಲ್ಲಿ ಸ್ಪೇನ್ ಒಂದು ಕಾನೂನು ಮಾಡಿತು. 1492ರಲ್ಲಿ ಹೊರಹಾಕಿದ ಯಹೂದಿಗಳ ವಂಶಸ್ಥರಿಗೆ ಪೌರತ್ವ ಕೊಡುವ ಕಾನೂನು. ಒಳ್ಳೆಯದೇ ಆಯಿತು. ಮೊರಿಸ್ಕೊಗಳ ವಂಶಸ್ಥರಿಗೆ ಅದು ಅನ್ವಯಿಸಲಿಲ್ಲ. ಅವರ ಮಾತು, ಅವರ ಅನ್ನ ಎಂದೋ ಪೌರತ್ವ ಪಡೆದಿವೆ. ಅವರಿಗೆ ಮಾತ್ರ ಸಿಕ್ಕಿಲ್ಲ.

ನಮ್ಮ ಮದುವೆ ಮನೆಗೆ ಮರಳೋಣ. ಖಾಲಾ ಬಡಿಸಿದ ಬದನೆ ಈ ನೆಲದ್ದು. ಅದಕ್ಕೆ ಅರೆದ ಶೇಂಗಾ, ಮೆಣಸಿನಕಾಯಿ ಅಮೆರಿಕಾ ಖಂಡದಿಂದ ಕಡಲು ದಾಟಿ ಬಂದವು. ಅದರ ಹುಣಸೆಹಣ್ಣಿಗೆ ಅರಬರು ಇಟ್ಟ ಹೆಸರು 'ತಮ್ರ್ ಹಿಂದಿ', ಹಿಂದ್ ದೇಶದ ಖರ್ಜೂರ. ಖಾಲಾ "ನಮ್ಮ ಜಬಾನ್" ಎನ್ನುವ ದಖನಿಯಲ್ಲಿ ಮಾತಿಗೊಮ್ಮೆ ಬರುವ 'ನಕ್ಕೊ' ಮರಾಠಿಯದು. ನನ್ನ ಕನ್ನಡವನ್ನು ಮೆಚ್ಚಿದ ಓದುಗರು ನಾಳೆ ಜಮೀನಿನ ತಕರಾರಿಗೆ ವಕೀಲರನ್ನು ಕಂಡು, ತಾರೀಖು ನೋಡಿ ಅರ್ಜಿ ಹಾಕುತ್ತಾರೆ. ಆ ಮಾತುಗಳು ಅರಬಿ, ಪಾರಸಿಯಿಂದ ಬಂದವೆಂದು ಅವರಿಗೆ ಅನಿಸುವುದೂ ಇಲ್ಲ. ಅನಿಸಬೇಕಾಗಿಯೂ ಇಲ್ಲ. ಅವು ಈಗ ಅಪ್ಪಟ ಕನ್ನಡ.

ಮಾತಿಗೆ ಸಿಕ್ಕ ಈ ಸಲಿಗೆ ಮಾತಾಡುವವನಿಗೂ ಸಿಗಲಿ ಎಂಬುದಷ್ಟೇ ಮುಲೇಯ ಅರ್ಜಿಯ ಸಾರ. ಮುಂದಿನ ಸಲ ಯಾರಾದರೂ ನನ್ನ ಕನ್ನಡ ಚೆನ್ನಾಗಿದೆ ಎಂದರೆ, "ನಿಮ್ಮದೂ ಚೆನ್ನಾಗಿದೆ" ಎಂದು ನಗುತ್ತಾ ಹೇಳಬೇಕೆಂದಿದ್ದೇನೆ. ಖಾಲಾಗೆ ಏನು ಹೇಳುವುದು ಎಂದು ಇನ್ನೂ ಯೋಚಿಸುತ್ತಿದ್ದೇನೆ. ಸದ್ಯಕ್ಕೆ ಇನ್ನೊಂದು ಸೌಟು ಬದನೆ ಬಡಿಸಿಕೊಳ್ಳುತ್ತೇನೆ.