ಸೆಟ್-ಟಾಪ್ ಬಾಕ್ಸ್ ಮತ್ತು ನಮ್ಮ ಆಯ್ಕೆಯ ಮಿತಿ

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಕೇಳಿಬರುವ ಕನ್ನಡದಲ್ಲಿ ಹೆಚ್ಚಿನ ಪಾಲು ಟಿ.ವಿ.ಯದು. ಊರಿನ ಸುದ್ದಿಗಾಗಿ ಕಾಯುವ ಹಿರಿಯರಿಗೂ, ಶಾಲೆಯಲ್ಲಿ ಕನ್ನಡ ಕಲಿಯದ ಮಕ್ಕಳಿಗೂ ಅದೊಂದು ಆಸರೆ. ಆ ದನಿಯ ಕೀಲಿ ಯಾರ ಕೈಯಲ್ಲಿದೆ ಎಂಬುದು ವಾಹಿನಿಯೊಂದು ಇದ್ದಕ್ಕಿದ್ದಂತೆ ಕಾಣದಾದಾಗ ಮಾತ್ರ ನಮಗೆ ಹೊಳೆಯುತ್ತದೆ. ಕಾನೂನು ನಮಗೆ ಕೊಟ್ಟದ್ದೇನು, ಕೊಡದೆ ಉಳಿಸಿದ್ದೇನು ಎಂಬುದನ್ನು ಇಲ್ಲಿ ಸಂಗ್ರಹವಾಗಿ ನೋಡೋಣ.

ಬಾಕ್ಸ್ ಬಂದ ದಾರಿ

ಕೇಬಲ್ ಉದ್ಯಮವನ್ನು ನಿಯಂತ್ರಿಸುವ ಕಾಯಿದೆ 1995ರದು. 2002ರ ತಿದ್ದುಪಡಿಯಿಂದ ಹಣ ಕೊಟ್ಟು ನೋಡುವ ವಾಹಿನಿಗಳಿಗೆ ಸೆಟ್-ಟಾಪ್ ಬಾಕ್ಸ್ ಬೇಕೆಂಬ 'ಕ್ಯಾಸ್' ಪದ್ಧತಿ ಹುಟ್ಟಿತು. ಅದು 2003ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯಲ್ಲಿ ಜಾರಿಯಾಯಿತು. ದೆಹಲಿ, ಮುಂಬಯಿ ಮತ್ತು ಕೋಲ್ಕತ್ತಾಗಳ ಕೆಲವು ಭಾಗಗಳಿಗೆ ಅದು ಬಂದದ್ದು 2006ರ ಕೊನೆಯ ದಿನ. ಆಗ ಕನಿಷ್ಠ 30 ಉಚಿತ ವಾಹಿನಿಗಳಿಗೆ ತಿಂಗಳಿಗೆ 77 ರೂಪಾಯಿ, ಪ್ರತಿ ಪಾವತಿ ವಾಹಿನಿಗೆ ಹೆಚ್ಚೆಂದರೆ 5 ರೂಪಾಯಿ ಎಂದು ಟ್ರಾಯ್ ಗೊತ್ತುಪಡಿಸಿತ್ತು. ಮುಂದೆ 2011ರ ತಿದ್ದುಪಡಿಯಂತೆ 2012ರ ಅಕ್ಟೋಬರ್ ಅಂತ್ಯದಿಂದ ಮಹಾನಗರಗಳಲ್ಲಿ, 2013ರಿಂದ ಪುಣೆ, ಹೈದರಾಬಾದ್ ಮೊದಲಾದ ನಗರಗಳಲ್ಲಿ ಬಾಕ್ಸ್ ಕಡ್ಡಾಯವಾಯಿತು.

ದರದ ಲೆಕ್ಕ

ಬೇಕಾದ ವಾಹಿನಿಯನ್ನು ಬಿಡಿಯಾಗಿ ಆರಿಸುವ ಹಕ್ಕನ್ನು ದೇಶವ್ಯಾಪಿಯಾಗಿ ನೀಡಿದ್ದು 2017ರ ಟ್ರಾಯ್ ಆದೇಶ. ಅದು ಜಾರಿಯಾದದ್ದು 2019ರ ಆರಂಭದಲ್ಲಿ. 100 ವಾಹಿನಿಗಳ ಮೂಲ ಶುಲ್ಕಕ್ಕೆ 130 ರೂಪಾಯಿಯ ಮಿತಿ ಹಾಕಲಾಯಿತು; ತೆರಿಗೆ ಸೇರಿ 153 ರೂಪಾಯಿ 40 ಪೈಸೆ. ಪಾವತಿ ವಾಹಿನಿಗಳ ಬೆಲೆ ಬೇರೆ. 2020ರಲ್ಲಿ ಅದೇ ಶುಲ್ಕಕ್ಕೆ 200 ವಾಹಿನಿಗಳೆಂದಾಯಿತು. 2024ರ ಜುಲೈಯಲ್ಲಿ ಮೂಲ ಶುಲ್ಕದ ಮಿತಿಯನ್ನೇ ತೆಗೆದು, ದರ ನಿಗದಿಯನ್ನು ಕಂಪನಿಗಳಿಗೆ ಬಿಡಲಾಯಿತು. ಹಲವು ವಾಹಿನಿಗಳ ಕಟ್ಟನ್ನು ರಿಯಾಯಿತಿಯಲ್ಲಿ ಮಾರಲು ಅವಕಾಶವಿರುವುದರಿಂದ, ಬಿಡಿಯಾಗಿ ಕೊಂಡರೆ ದುಬಾರಿ, ಕಟ್ಟಾಗಿ ಕೊಂಡರೆ ಅಗ್ಗ ಎಂಬ ಸ್ಥಿತಿ ಉಳಿದುಕೊಂಡಿದೆ. ನೋಡದ ವಾಹಿನಿಗಳೂ ಹೀಗೆ ನಮ್ಮ ಮನೆ ಸೇರುತ್ತವೆ.

ಬಾಕ್ಸಿನ ಕಟ್ಟು

ಮೊಬೈಲ್ ಸೇವೆ ಹಿಡಿಸದಿದ್ದರೆ ಅದೇ ಸಂಖ್ಯೆ, ಅದೇ ಉಪಕರಣದೊಡನೆ ಬೇರೆ ಕಂಪನಿಗೆ ಹೋಗುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇದೆ. ಬಾಕ್ಸಿಗೆ ಆ ಭಾಗ್ಯವಿಲ್ಲ. ಒಂದು ಕಂಪನಿಯ ಸಂಕೇತವನ್ನು ಬಿಡಿಸುವ ಬೀಗದ ಕೈ ಅದರದೇ ಬಾಕ್ಸಿನಲ್ಲಿರುತ್ತದೆ. ಕಂಪನಿ ಬದಲಿಸಿದರೆ ಹಣ ಕೊಟ್ಟು ಕೊಂಡ ಬಾಕ್ಸೂ ಮೂಲೆಗೆ. ಯಾವ ಕಂಪನಿಗಾದರೂ ಹೊಂದುವ ಬಾಕ್ಸ್ ಬೇಕೆಂದು ಟ್ರಾಯ್ 2020ರ ಏಪ್ರಿಲ್‌ನಲ್ಲಿ ಶಿಫಾರಸು ಮಾಡಿದರೂ, ಆ ಅನುಕೂಲ ನಮ್ಮ ಮನೆ ಬಾಗಿಲಿಗೆ ಬಂದಿಲ್ಲ. ಇಡೀ ವಠಾರಕ್ಕೆ ಒಬ್ಬನೇ ಕೇಬಲ್ಲಿನವನಿದ್ದರಂತೂ ಆಯ್ಕೆಯ ಮಾತೇ ಇಲ್ಲ.

ಕನ್ನಡ ವಾಹಿನಿಯ ಪಾಡು

ಹೊರನಾಡಿನವರಾದ ನಮಗೆ ಮುಖ್ಯವಾದ ನಿಯಮ ಬೇರೊಂದಿದೆ. ಒಂದು ಮಾರುಕಟ್ಟೆ ಪ್ರದೇಶದಲ್ಲಿ ಸತತ ಆರು ತಿಂಗಳು ಶೇಕಡಾ 5ಕ್ಕಿಂತ ಕಡಿಮೆ ಚಂದಾದಾರರಿರುವ ವಾಹಿನಿಯನ್ನು ವಿತರಕರು ಕೈಬಿಡಬಹುದು. ಒಂದು ಲಕ್ಷ ಸಂಪರ್ಕಗಳಿದ್ದರೆ ಐದು ಸಾವಿರ ಮನೆಗಳಾದರೂ ಅದನ್ನು ಪಡೆದಿರಬೇಕೆಂದಾಯಿತು. ಇದಲ್ಲದೆ, ಚಂದಾದಾರರ ಪ್ರಮಾಣ ಶೇಕಡಾ 20ಕ್ಕಿಂತ ಕಡಿಮೆಯಿರುವ ವಾಹಿನಿಯಿಂದ ಸಾಗಣೆ ಶುಲ್ಕ ಕೇಳಲೂ ಅವರಿಗೆ ಅವಕಾಶವಿದೆ. ಮರಾಠಿ, ತಮಿಳು, ತೆಲುಗು, ಹಿಂದಿ ಪ್ರಧಾನವಾದ ನಗರಗಳಲ್ಲಿ ಕನ್ನಡ ವಾಹಿನಿಗಳು ಈ ಲೆಕ್ಕದಲ್ಲಿ ಹಿಂದೆ ಬೀಳುವುದು ಸಹಜ. ಕನ್ನಡವನ್ನು ಪ್ರತ್ಯೇಕವಾಗಿ ಕೇಳದೆ, ಕೇಬಲ್ಲಿನವನು ಕೊಟ್ಟ ಸ್ಥಳೀಯ ಭಾಷೆಯ ಕಟ್ಟನ್ನೇ ಒಪ್ಪಿಕೊಂಡರೆ ಆ ಎಣಿಕೆಯಲ್ಲಿ ನಾವು ಇಲ್ಲವೆಂದೇ ಅರ್ಥ.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಬೇಕಾದ ಕನ್ನಡ ವಾಹಿನಿಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೊಟ್ಟು ರಸೀದಿ ಪಡೆಯಬೇಕು. ಎರಡನೆಯದಾಗಿ, ದೂರದರ್ಶನದ ಚಂದನ ವಾಹಿನಿ ಕೇಬಲ್ ಜಾಲಗಳು ಕಡ್ಡಾಯವಾಗಿ ನೀಡಬೇಕಾದವುಗಳಲ್ಲಿ ಒಂದು. ಅದು ಬರದಿದ್ದರೆ ಕೇಳುವ ಹಕ್ಕು ನಮಗಿದೆ. ಮೂರನೆಯದಾಗಿ, ಬಾಕ್ಸ್ ಕೊಳ್ಳುವ ಮುನ್ನ ಅದು ಬಾಡಿಗೆಯದೋ ಸ್ವಂತದ್ದೋ, ಹಿಂದಿರುಗಿಸಿದರೆ ಎಷ್ಟು ಹಣ ಮರಳುತ್ತದೆ ಎಂದು ವಿಚಾರಿಸಬೇಕು. ಕೇಬಲ್ಲಿನವರು ಒಪ್ಪದಿದ್ದರೆ ಡಿ.ಟಿ.ಎಚ್. ಇದೆ, ಉಪಗ್ರಹದಿಂದ ಬರುವ ಸೇವೆ ದೇಶವ್ಯಾಪಿಯಾದ್ದರಿಂದ ಅಲ್ಲಿ ಕನ್ನಡ ವಾಹಿನಿಗಳು ದೊರೆಯುವ ಸಂಭವ ಹೆಚ್ಚು. 2004ರ ಡಿಸೆಂಬರ್‌ನಲ್ಲಿ ಆರಂಭವಾದ ದೂರದರ್ಶನದ ಡಿ.ಟಿ.ಎಚ್. ಸೇವೆಗೆ, ಅಂದರೆ ಈಗಿನ ಫ್ರೀ ಡಿಶ್‌ಗೆ, ಮಾಸಿಕ ಶುಲ್ಕವೇ ಇಲ್ಲ.

ಬ್ಯಾಂಕಿನ ಪುಸ್ತಕದಲ್ಲಿ ನಮೂದಾಗದ ಹಣ ಹೇಗೆ ಲೆಕ್ಕಕ್ಕೆ ಬಾರದೋ, ಚಂದಾದಾರರ ಪಟ್ಟಿಯಲ್ಲಿ ದಾಖಲಾಗದ ಭಾಷಾಭಿಮಾನವೂ ಹಾಗೆಯೇ. ಈ ತಿಂಗಳ ಬಿಲ್ಲು ಕಟ್ಟುವ ಮುನ್ನ ನಮ್ಮ ಪಟ್ಟಿಯಲ್ಲಿ ಕನ್ನಡ ಇದೆಯೇ ಎಂದು ಒಮ್ಮೆ ನೋಡಿಕೊಳ್ಳೋಣ.