ಅಂಬೀಕ್‌ನಿಂದ ಕಂಡೆನ್ಸರ್‌ವರೆಗೆ

ಚಳ್ಳಕೆರೆ ತಾಲ್ಲೂಕಿನ ವರವು ಕಾವಲ್ ಹಿಂದೆ ಅಮೃತ್ ಮಹಲ್ ರಾಸುಗಳ ಹುಲ್ಲುಗಾವಲಾಗಿತ್ತು. ಇಂದು ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯವಿದೆ. ಸಮೀಪದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವಿದೆ. (ಮೇವಿನ ನೆಲ ಕಳೆದುಕೊಂಡ ಕುರಿಗಾಹಿಗಳ ನೋವು ಪ್ರತ್ಯೇಕವಾಗಿ ಬರೆಯಬೇಕಾದ ವಿಷಯ.) ಆ ಬೇಲಿಗಳನ್ನು ಕಂಡ ನಮ್ಮ ಮಕ್ಕಳು ವಿಜ್ಞಾನವೆಂದರೆ ಪರರ ಸೊತ್ತೆಂದು ಭಾವಿಸುತ್ತಾರೆ. ಕಂಡೆನ್ಸರ್ ಎಂಬ ಒಂದು ಉಪಕರಣದ ಚರಿತ್ರೆಯನ್ನಾದರೂ ಅವರು ತಿಳಿಯಬೇಕು.

ಆವಿಯ ಶಾಖವನ್ನು ಹೀರಿ ಅದನ್ನು ಮತ್ತೆ ದ್ರವವಾಗಿಸುವುದೇ ಕಂಡೆನ್ಸರಿನ ಕೆಲಸ. ಒಂಬತ್ತನೆಯ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಕಿಂದಿಯವರ ಹೆಸರಿನಲ್ಲಿ ಸುಗಂಧಗಳ ರಸಾಯನ ಮತ್ತು ಬಟ್ಟಿ ಇಳಿಸುವಿಕೆಯ ಕುರಿತ ಗ್ರಂಥವೊಂದಿದೆ. ಅದರಲ್ಲಿ ನೂರಕ್ಕೂ ಮಿಕ್ಕಿದ ವಿಧಾನಗಳಿವೆ. ಕೆಳಗೆ ಕುದಿಯುವ ಪಾತ್ರೆ, ಅದರ ಮೇಲೆ ಕೊಳವೆಯುಳ್ಳ ಮುಚ್ಚಳ ‘ಅಂಬೀಕ್’, ತೊಟ್ಟಿಕ್ಕಿದ ದ್ರವವನ್ನು ಹಿಡಿಯಲು ‘ಕಾಬಿಲ’. ಇದನ್ನು ಮುಸ್ಲಿಮರೇ ಮೊದಲು ಕಂಡುಹಿಡಿದರೆಂದು ನಮ್ಮ ಕೆಲವು ಭಾಷಣಕಾರರು ಹೇಳುವುದುಂಟು. ಅದು ಸರಿಯಲ್ಲ. ಅಂಬೀಕ್ ಎಂಬ ಪದವೇ ಗ್ರೀಕ್ ಮೂಲದ್ದು. ಅಲೆಕ್ಸಾಂಡ್ರಿಯಾದವರು ಅದನ್ನು ಮೊದಲೇ ಬಳಸುತ್ತಿದ್ದರು. ಅಬ್ಬಾಸೀ ಕಾಲದ ವಿದ್ವಾಂಸರು ಕಲಿತರು, ಪ್ರಯೋಗದಿಂದ ಬೆಳೆಸಿದರು, ಬರೆದಿಟ್ಟರು. ಅವರ ಗ್ರಂಥಗಳಿಂದ ಯುರೋಪ್ ಕಲಿಯಿತು. ಇನ್ನೊಬ್ಬರ ಪಾಲನ್ನು ಮರೆಮಾಚುವುದು ಅಮಾನತ್ತಿಗೆ ದ್ರೋಹ.

1769ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಪ್ರತ್ಯೇಕ ಕಂಡೆನ್ಸರಿನ ಪೇಟೆಂಟ್ ಪಡೆದರು. ಅದರಿಂದ ಸಿಲಿಂಡರನ್ನೇ ಪದೇಪದೇ ತಣಿಸುವ ನಷ್ಟ ತಪ್ಪಿ, ಕಲ್ಲಿದ್ದಲಿನ ಖರ್ಚು ಬಹಳ ಇಳಿಯಿತು. ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ತಿರುಗಿಸಿದ ಉಗಿ ಮರಳಿ ನೀರಾಗುವುದೂ ಕಂಡೆನ್ಸರಿನಲ್ಲಿಯೇ.

ನಮ್ಮ ನಾಡಿನಲ್ಲಿ ಈ ಕಥೆ ಮತ್ತೆ ಸುಗಂಧಕ್ಕೇ ಮರಳಿತು. ಮೈಸೂರಿನ ಶ್ರೀಗಂಧವನ್ನು ಜರ್ಮನರು ಕೊಂಡೊಯ್ದು ಎಣ್ಣೆ ತೆಗೆಯುತ್ತಿದ್ದರು. 1914ರ ಮಹಾಯುದ್ಧ ಆ ವ್ಯಾಪಾರವನ್ನು ನಿಲ್ಲಿಸಿತು. ಆಗ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರು ಎಣ್ಣೆ ತೆಗೆಯುವ ವಿಧಾನವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕೆಲಸ ಬಳಿಕ ಮೈಸೂರಿನ ಕಾರ್ಖಾನೆಗೆ ವಿಸ್ತರಿಸಿತು. ಗಂಧದ ಪುಡಿಯ ಮೂಲಕ ಉಗಿ ಹಾಯಿಸಿ, ಎಣ್ಣೆ ಬೆರೆತ ಆ ಉಗಿಯನ್ನು ತಣಿಸಿದರೆ, ನೀರಿನ ಮೇಲೆ ಗಂಧದೆಣ್ಣೆ ತೇಲುತ್ತದೆ. ಕುದಾಪುರದ ಬೇಲಿಯೊಳಗಿರುವುದು ಅದೇ ಸಂಸ್ಥೆ.

ಸುಗಂಧ ಪ್ರವಾದಿವರ್ಯರಿಗೆ(ಸ) ಪ್ರಿಯವಾಗಿತ್ತು. ಕನೌಜಿನ ಅತ್ತರುಗಾರರು ಇಂದಿಗೂ ತಾಮ್ರದ ‘ದೇಗ್’ನಲ್ಲಿ ಗುಲಾಬಿಯನ್ನು ಕುದಿಸಿ, ಬಿದಿರಿನ ಕೊಳವೆಯಿಂದ ಬಂದ ಆವಿಯನ್ನು ನೀರಿನಲ್ಲಿ ಮುಳುಗಿಸಿದ ‘ಭಪ್ಕಾ’ದಲ್ಲಿ ತಣಿಸುತ್ತಾರೆ. ಆ ಭಪ್ಕಾದೊಳಗೆ ಪರಿಮಳವನ್ನು ಹಿಡಿದಿಡಲು ಸಂಪ್ರದಾಯದಂತೆ ಮೊದಲೇ ಹಾಕಿಡುವುದು ಶ್ರೀಗಂಧದ ಎಣ್ಣೆಯನ್ನು.