ಸೋಂಕು ತಗುಲಿದ ತೊಡೆಮೂಳೆ ಮುರಿತ: ಹೊರ ಚೌಕಟ್ಟಿನ ತೊಡಕುಗಳು ಮತ್ತು ಮೊಣಕಾಲು

ಪರೇಲಿನ ಕೆಇಎಂ, ಸಯನ್‌ನ ಲೋಕಮಾನ್ಯ ತಿಲಕ್, ಘಾಟ್‌ಕೋಪರಿನ ರಾಜಾವಾಡಿ ಮೊದಲಾದ ಮುಂಬಯಿಯ ಪಾಲಿಕೆ ಆಸ್ಪತ್ರೆಗಳಿಗೆ ಲೋಕಲ್ ರೈಲಿನಿಂದ ಬಿದ್ದವರು, ಹೆದ್ದಾರಿಯಲ್ಲಿ ಬೈಕ್ ಉರುಳಿದವರು, ಕಟ್ಟಡ ಕೆಲಸದಲ್ಲಿ ಮೇಲಿಂದ ಕುಸಿದವರು ಬರುತ್ತಲೇ ಇರುತ್ತಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಹೋದ ಕನ್ನಡಿಗರೂ ಅವರಲ್ಲಿದ್ದಾರೆ. ತೊಡೆಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಇಲ್ಲವೆ ಒಳಗೆ ಹಾಕಿದ ರಾಡಿನ ಸುತ್ತ ಕೀವು ಕಟ್ಟಿದರೆ, ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಲೋಹದ ಮೈಗೆ ಅಂಟಿದ ಬ್ಯಾಕ್ಟೀರಿಯಾಗಳು ತಮ್ಮ ಸುತ್ತ ಪೊರೆ ಕಟ್ಟಿಕೊಳ್ಳುತ್ತವೆ. ಆ ಪೊರೆಯೊಳಗೆ ಆ್ಯಂಟಿಬಯೋಟಿಕ್ ಹೆಚ್ಚೇನೂ ಮಾಡಲಾರದು. ಆಗ ರಾಡನ್ನು ತೆಗೆದು, ಸತ್ತ ಮೂಳೆಯನ್ನು ಕತ್ತರಿಸಿ, ಉಳಿದ ತುಂಡುಗಳನ್ನು ಹೊರಗಿನ ಚೌಕಟ್ಟಿನಿಂದ ಹಿಡಿದಿಡುವುದು ಒಂದು ಮುಖ್ಯ ಮಾರ್ಗ.

ಹೊರ ಚೌಕಟ್ಟು ಈ ನಗರಕ್ಕೆ ಹೊಸತಲ್ಲ. ಕೈಬೆರಳುಗಳಿಗೂ ಮಕ್ಕಳ ಸೊಟ್ಟಪಾದಕ್ಕೂ ಬಳಸುವ ಹಗುರವಾದ ‘ಜೆಸ್’ ಚೌಕಟ್ಟನ್ನು ರೂಪಿಸಿದವರು ಮುಂಬಯಿಯ ಡಾ. ಬಿ. ಬಿ. ಜೋಶಿ. ಆದರೆ ಬೆರಳಿನ ಮೂಳೆ ಚರ್ಮದ ಕೆಳಗೇ ಸಿಗುತ್ತದೆ, ತೊಡೆಯದು ದಪ್ಪ ಸ್ನಾಯುವಿನೊಳಗೆ ಹುದುಗಿದೆ. ಒಳಮಗ್ಗುಲಲ್ಲಿ ದೊಡ್ಡ ರಕ್ತನಾಳ, ಹಿಂದೆ ಸಯಾಟಿಕ್ ನರ ಇರುವುದರಿಂದ, ಚೌಕಟ್ಟನ್ನು ಮೂಳೆಗೆ ಬಿಗಿಯುವ ಪಿನ್ನುಗಳನ್ನು ಹೆಚ್ಚಾಗಿ ಹೊರಮಗ್ಗುಲಿನಿಂದಲೇ ಹಾಕಬೇಕು. ಮೊಣಕಾಲು ಮಡಿಸಿದಾಗಲೆಲ್ಲ ಅಲ್ಲಿನ ಸ್ನಾಯುವೂ ಚರ್ಮವೂ ಪಿನ್ನಿನ ಮೇಲೆ ಜಾರುತ್ತವೆ. ತೊಡೆಯಲ್ಲಿ ಪಿನ್ನಿನ ಸೋಂಕು ಇಷ್ಟು ಸಾಮಾನ್ಯವಾಗಿರಲು ಈ ಉಜ್ಜಾಟ ದೊಡ್ಡ ಕಾರಣ. ಡ್ರಿಲ್ಲನ್ನು ವೇಗವಾಗಿ ಓಡಿಸಿ ಮೂಳೆಯನ್ನು ಸುಟ್ಟರೆ ಪಿನ್ನಿನ ಸುತ್ತ ಸತ್ತ ಮೂಳೆಯ ಬಳೆಯೊಂದು ಉಳಿದು, ಪಿನ್ನು ಸಡಿಲಗೊಂಡು, ಕೀವು ನಿಲ್ಲದೇ ಸೋರುತ್ತದೆ.

ಹೀಗಿದ್ದರೂ ಪಿನ್ನಿನ ಸೋಂಕನ್ನು ತೊಡಕುಗಳ ಪಟ್ಟಿಯ ತಲೆಗೆ ಇಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಮೂಳೆತಜ್ಞ ಡ್ರೋರ್ ಪೇಲಿ 1990ರಲ್ಲಿ ಮಾಡಿದ ವಿಂಗಡಣೆಯ ಪ್ರಕಾರ, ಆಪರೇಷನ್ ಇಲ್ಲದೆ ಬಗೆಹರಿಯುವುದು ಒಂದು ವರ್ಗ, ಆಪರೇಷನ್‌ನಿಂದ ಬಗೆಹರಿಯುವುದು ಇನ್ನೊಂದು, ಚಿಕಿತ್ಸೆ ಮುಗಿದ ಮೇಲೂ ಉಳಿಯುವುದು ನಿಜವಾದ ತೊಡಕು. ಪಿನ್ನಿನ ಸೋಂಕು ಬಹುಪಾಲು ಮೊದಲನೆಯ ವರ್ಗದ್ದು. ದಿನವೂ ಶುಚಿ ಮಾಡುವುದು, ಮಾತ್ರೆ, ತೀರಾ ಹೆಚ್ಚಾದರೆ ಪಿನ್ ಬದಲಿಸುವುದು, ಇಷ್ಟರಲ್ಲಿ ಹತೋಟಿಗೆ ಬರುತ್ತದೆ. ಕೊನೆಯ ವರ್ಗಕ್ಕೆ ಸೇರುವುದು ಮೊಣಕಾಲಿನ ಬಿಗಿತ. ಮೂಳೆ ಕೂಡಿ, ಕೀವು ಆರಿ, ಚೌಕಟ್ಟು ಕಳಚಿದ ಮೇಲೂ ಅದು ಉಳಿದುಬಿಡುತ್ತದೆ.

ಬಿಗಿತ ಏಕೆ ಉಳಿಯುತ್ತದೆ ಎಂಬುದನ್ನು ಕಾಲಾವಧಿಯ ಲೆಕ್ಕ ವಿವರಿಸುತ್ತದೆ. ಸೈಬೀರಿಯಾದ ಕುರ್ಗಾನ್‌ನಲ್ಲಿ ಗವ್ರಿಲ್ ಇಲಿಜರೋವ್ ಬೆಳೆಸಿದ ಪದ್ಧತಿಯಲ್ಲಿ, ಸತ್ತ ಮೂಳೆ ಕತ್ತರಿಸಿದ ಜಾಗವನ್ನು ತುಂಬಲು ಮೂಳೆಯ ತುಂಡನ್ನು ದಿನಕ್ಕೆ 1 ಮಿ.ಮೀ.ನಂತೆ, ಸಾಮಾನ್ಯವಾಗಿ ನಾಲ್ಕು ಕಂತಿನಲ್ಲಿ ಸರಿಸುತ್ತಾರೆ. 6 ಸೆಂ.ಮೀ. ಅಂತರ ತುಂಬಲು 60 ದಿನ. ಅದಕ್ಕೂ ಮುಂಚೆ ವಾರ ಹತ್ತು ದಿನದ ಕಾಯುವಿಕೆ, ಆಮೇಲೆ ಹೊಸ ಮೂಳೆ ಗಟ್ಟಿಯಾಗಲು ಹಲವು ತಿಂಗಳು. ಸರಿದ ತುಂಡು ಎದುರಿನದಕ್ಕೆ ತಾಗುವ ಜಾಗದಲ್ಲಿ ಮೂಳೆ ಕೂಡದೆ ಮತ್ತೆ ಕಸಿ ಮಾಡಬೇಕಾಗಿ ಬಂದರೆ ಅವಧಿ ಇನ್ನೂ ಹಿಗ್ಗುತ್ತದೆ. ಅಷ್ಟೂ ಕಾಲ ತೊಡೆಯ ಮುಂದಿನ ಸ್ನಾಯು ಪಿನ್ನಿಗೆ ಕಟ್ಟಿಹಾಕಿದಂತಿದ್ದು, ಮುರಿತದ ಜಾಗದಲ್ಲಿ ಮೂಳೆಗೇ ಅಂಟಿಕೊಳ್ಳುತ್ತದೆ.

ಕುರ್ಚಿಯಲ್ಲಿ ಕೂರಲು ಮೊಣಕಾಲು 90 ಡಿಗ್ರಿ ಮಡಿದರೆ ಸಾಕು. ಕುಕ್ಕರಗಾಲಿನಲ್ಲಿ ಕೂರಲು 120 ಡಿಗ್ರಿಗೂ ಹೆಚ್ಚು ಬೇಕು. ಚಾಳಿನ ಸಾಮೂಹಿಕ ಶೌಚಾಲಯ, ಕಡಿದಾದ ಮೆಟ್ಟಿಲು, ನೂಕುನುಗ್ಗಲಿನಲ್ಲಿ ಹತ್ತಬೇಕಾದ ಲೋಕಲ್, ಇಟ್ಟಿಗೆ ಹೊರುವ ಕೂಲಿ ಇವುಗಳ ನಡುವೆ ಬದುಕುವವನಿಗೆ 40 ಡಿಗ್ರಿಯಲ್ಲಿ ನಿಂತುಹೋದ ಮೊಣಕಾಲೆಂದರೆ ದುಡಿಮೆಯೇ ಕೈತಪ್ಪಿದಂತೆ. ಎಕ್ಸ್‌ರೇಯಲ್ಲಿ ಕೂಡಿದ ಮೂಳೆಯನ್ನು ತೋರಿಸಿ ಇಂಥ ಫಲಿತಾಂಶವನ್ನು ‘ಉತ್ತಮ’ ಎಂದು ಬರೆಯುವುದು ರೋಗಿಗೆ ಮಾಡುವ ಅನ್ಯಾಯ.

ಈ ಬಿಗಿತವನ್ನು ಪೂರ್ತಿ ತಪ್ಪಿಸಲಾಗದಿದ್ದರೂ ಬಹಳಷ್ಟು ತಗ್ಗಿಸಬಹುದು, ಮತ್ತು ಆ ಕೆಲಸ ಆಪರೇಷನ್ ಟೇಬಲ್ಲಿನ ಮೇಲೆಯೇ ಶುರುವಾಗಬೇಕು. ಮುಂದಿನ ಸ್ನಾಯುವಿನ ಮೂಲಕ ಪಿನ್ ಇಲ್ಲವೆ ತಂತಿ ಹಾಯಿಸುವಾಗ ಮೊಣಕಾಲನ್ನು ಮಡಿಸಿ ಹಿಡಿಯಬೇಕು. ಸ್ನಾಯು ಹಿಗ್ಗಿದ ಸ್ಥಿತಿಯಲ್ಲಿ ಚುಚ್ಚಿಸಿಕೊಂಡರೆ ಮುಂದೆ ಚಲನೆಗೆ ಅಡ್ಡಿ ಕಡಿಮೆ. ಪಿನ್ ಹಾಕಿದ ಕೂಡಲೇ ಅಲ್ಲೇ ಕಾಲು ಮಡಿಸಿ ನೋಡಿ, ಚರ್ಮ ಎಳೆಯುವ ಕಡೆ ಸಡಿಲಿಸಬೇಕು. ಕಾಲನ್ನು ಸುತ್ತುವ ಉಂಗುರದ ಚೌಕಟ್ಟಿಗಿಂತ ಒಂದೇ ಮಗ್ಗುಲಿನ ರೈಲ್ ಚೌಕಟ್ಟು ಸಾಕಾಗುವ ಕಡೆ ಅದನ್ನೇ ಆರಿಸುವುದು ಲೇಸು: ರೋಗಿ ಮಲಗಬಲ್ಲ, ಕೂರಬಲ್ಲ, ಎರಡು ಕಾಲು ಕೂಡಿಸಿ ನಡೆಯಬಲ್ಲ. ಫಿಸಿಯೋಥೆರಪಿ ಮೊದಲ ವಾರವೇ ಆರಂಭವಾಗಬೇಕು. ನೋವಿಗೆ ಹೆದರಿ ಅದನ್ನು ಮುಂದೂಡಿದರೆ, ಕೊನೆಗೆ ಅಂಟಿದ ಸ್ನಾಯುವನ್ನು ಬಿಡಿಸಲು ಇನ್ನೊಂದು ದೊಡ್ಡ ಆಪರೇಷನ್ ಬೇಕಾಗುತ್ತದೆ; ಹಿಂದೆ ಸೋಂಕಿದ್ದ ತೊಡೆಯಲ್ಲಿ ಅದು ಸಣ್ಣ ಅಪಾಯವಲ್ಲ.

ಚೌಕಟ್ಟು ತೊಟ್ಟ ಕೂಲಿಕಾರ ಬಹಳ ದಿನ ಮುಂಬಯಿಯಲ್ಲಿ ಉಳಿಯುವುದು ಕಷ್ಟ. ಸಂಬಳವಿಲ್ಲದೆ ಬಾಡಿಗೆ ಕಟ್ಟಲಾಗದೆ ಊರಿಗೆ ಮರಳುತ್ತಾನೆ. ಅಲ್ಲಿ ಪಿನ್ ಶುಚಿ ಮಾಡುವವರು ಮನೆಯವರು. ಕುದಿಸಿ ಆರಿಸಿದ ನೀರು, ಶುದ್ಧ ಗಾಜ್ ಬಟ್ಟೆ, ಯಾವ ಲಕ್ಷಣ ಕಂಡರೆ ಡಾಕ್ಟರನ್ನು ಕಾಣಬೇಕು ಎಂಬ ವಿವರ ಕನ್ನಡದಲ್ಲಿ ಬರೆದು ಕೊಟ್ಟರೆ ಅವರಿಗೆ ದಾರಿ ತಿಳಿಯುತ್ತದೆ. ಆಸ್ಪತ್ರೆಗೆ ಮರಳಿ ಬಂದವರನ್ನು ಮಾತ್ರ ಎಣಿಸುವ ಅಧ್ಯಯನಗಳಲ್ಲಿ ಹೀಗೆ ಹೋದವರ ಬಿಗಿತವೂ, ಚೌಕಟ್ಟು ತೆಗೆದ ಮೇಲೆ ಹೊಸ ಮೂಳೆ ಮತ್ತೆ ಮುರಿದ ಪ್ರಸಂಗಗಳೂ ಲೆಕ್ಕಕ್ಕೆ ಸಿಗುವುದಿಲ್ಲ. ಆದ್ದರಿಂದ ಮುಂದಿನ ವರದಿಗಳು ಪಿನ್ನಿನ ಸೋಂಕಿನ ಎಣಿಕೆಯ ಜೊತೆಗೆ ಮೂರು ವಿಷಯಗಳನ್ನು ದಾಖಲಿಸಬೇಕು: ಚೌಕಟ್ಟು ತೆಗೆದ ದಿನ ಮತ್ತು ಒಂದು ವರ್ಷದ ನಂತರ ಮೊಣಕಾಲು ಮಡಿಯುವ ಕೋನ, ರೋಗಿ ಹಿಂದಿನ ಕೆಲಸಕ್ಕೆ ಮರಳಿದನೇ ಎಂಬುದು, ಮತ್ತು ಸಂಪರ್ಕಕ್ಕೆ ಸಿಗದೆ ಹೋದವರ ಸಂಖ್ಯೆ.